ಅಳಿಸಿದವರ ಸಹಿ

ಹಾಸಿಗೆ ಅಂಗಡಿಯ ಹಿಂಭಾಗದಲ್ಲಿ ಹತ್ತಿ ಹಿಂಜುವ ಯಂತ್ರವಿತ್ತು. ಬೆಳಿಗ್ಗೆ ಒಂಬತ್ತಕ್ಕೆ ಅದು ಶುರುವಾದರೆ ಅರ್ಧ ಗಂಟೆಯೊಳಗೆ ಇಡೀ ಅಂಗಡಿಯ ಗಾಳಿ ಬೆಳ್ಳಗಾಗುತ್ತಿತ್ತು. ಎಳೆಗಳು ಬೀಳುತ್ತಲೂ ಇರಲಿಲ್ಲ, ಏಳುತ್ತಲೂ ಇರಲಿಲ್ಲ. ಬಿಸಿಲಿನ ಪಟ್ಟೆಯೊಳಗೆ ಸುಮ್ಮನೆ ನಿಂತಿರುತ್ತಿದ್ದವು. ತಲೆಗೂದಲ ಮೇಲೆ, ರೆಪ್ಪೆಯ ಮೇಲೆ, ಚಹಾದ ಲೋಟದ ಅಂಚಿನ ಮೇಲೆ ಬಂದು ಕೂರುತ್ತಿದ್ದವು. ಅಲ್ಲಿ ಎರಡು ತಾಸು ಕಳೆದವರಿಗೆ ತಾವು ಎಚ್ಚರವಾಗಿದ್ದೇವೋ ಇಲ್ಲವೋ ಎಂಬ ಅನುಮಾನ ಬಂದರೆ ತಪ್ಪಿಲ್ಲ. ಆ ಬಿಳಿಯ ಗಾಳಿಯ ನಡುವೆ ಗಾಜಿನದೊಂದು ಪುಟ್ಟ ಕೋಣೆ. ಅದರಲ್ಲಿ ಕಂಪ್ಯೂಟರಿನ ಮುಂದೆ ಬೆನ್ನು ನೆಟ್ಟಗೆ ಮಾಡಿ ಕೂತು ಅಪರಿಚಿತರ ಕನಸುಗಳನ್ನು ಓದುವುದು ಒಬ್ಬ ಹೆಂಗಸಿನ ಕೆಲಸವಾಗಿತ್ತು. ಆಗ ಅವಳಿಗೆ ಐವತ್ತೆಂಟು. ಎಲ್ಲರೂ ಅವಳನ್ನು ಲೈನಕ್ಕ ಎನ್ನುತ್ತಿದ್ದರು.

ಹೆಸರು ಬಂದದ್ದು ಟೆಲಿಫೋನ್ ಎಕ್ಸ್‌ಚೇಂಜಿನಿಂದ. ಇಪ್ಪತ್ತನೆಯ ವಯಸ್ಸಿಗೆ ಅಲ್ಲಿ ಸೇರಿದವಳು, ಯಂತ್ರಗಳು ತಾವೇ ಕರೆ ಜೋಡಿಸಲು ಕಲಿತು ಅವಳ ಬೋರ್ಡನ್ನು ಬಿಚ್ಚಿ ಒಯ್ಯುವವರೆಗೂ ಆಪರೇಟರ್ ಆಗಿದ್ದಳು. ಸೇರಿದ ದಿನ ಮೇಲ್ವಿಚಾರಕಿ ಒಂದೇ ಪಾಠ ಹೇಳಿದ್ದರಂತೆ: ಕೇಳಿಸಿದ್ದು ಕಿವಿಯಿಂದಾಚೆ ಹೋಗಕೂಡದು. ಲೈನು ಸರಿಯಾಗಿ ಕೂಡಿಕೊಂಡಿದೆಯೇ ಎಂದು ನೋಡಲು ಆಪರೇಟರ್ ಕೆಲವು ಕ್ಷಣ ಕೇಳಿಸಿಕೊಳ್ಳಲೇಬೇಕು. ಆ ಕೆಲವು ಕ್ಷಣಗಳಲ್ಲಿ ಊರಿನ ಅರ್ಧ ಸಂಸಾರ ಅವಳ ತಲೆಯೊಳಗೆ ಹಾದುಹೋಗುತ್ತಿತ್ತು. ಮನೆಗೆ ಬಂದಾಗ ಅವಳ ಬಾಯಲ್ಲಿ ಹವಾಮಾನದ ವಿಷಯ ಬಿಟ್ಟು ಬೇರೆ ಮಾತಿರುತ್ತಿರಲಿಲ್ಲ.

ಆರು ವರ್ಷ ಚಿಕ್ಕವಳಾದ ತಂಗಿಗೆ ಮದುವೆ ಗೊತ್ತಾಗಿ ಹದಿನೈದು ದಿನವಾಗಿತ್ತು. ಒಂದು ಮಧ್ಯಾಹ್ನ ಟ್ರಂಕ್ ಕಾಲ್ ಜೋಡಿಸುವಾಗ ಆ ಗಂಡಿನ ದನಿಯೇ ಕೇಳಿಸಿತು. ಬೇರೆ ಊರಿನ ಒಬ್ಬ ಹೆಂಗಸಿಗೆ ಅವನು, "ಮಗೂಗೆ ಜ್ವರ ಇಳೀತಾ? ಈ ಮದುವೆ ನಮ್ಮ ಮನೆಯವರ ಬಾಯಿ ಮುಚ್ಚಿಸೋಕೆ. ನಿನ್ನ ಬಿಟ್ಟು ನಾನೆಲ್ಲಿಗೂ ಹೋಗಲ್ಲ" ಎನ್ನುತ್ತಿದ್ದ. ಲೈನಕ್ಕ ತಾನು ಕೇಳುವ ಕೀಲಿ ಮುಚ್ಚಿದಳು. ಕರೆ ಮುಂದುವರಿಯಿತು. ಮದುವೆಯೂ ನಡೆಯಿತು. ಎರಡು ವರ್ಷಕ್ಕೆ ತಂಗಿ ಒಂದು ಪೆಟ್ಟಿಗೆ ಹಿಡಿದು ಹಿಂತಿರುಗಿದಳು. ಬಂದ ಮಾರನೆಯ ದಿನ ಬಟ್ಟೆ ಮಡಿಸುತ್ತ ಕೂತಿದ್ದವಳು ತಲೆ ಎತ್ತಿ ಕೇಳಿದಳು:

"ಅವನ ಫೋನೆಲ್ಲ ನಿನ್ನ ಬೋರ್ಡಿನಿಂದಲೇ ಹೋಗ್ತಿತ್ತಲ್ವಾ ಅಕ್ಕಾ? ನಿನಗೆ ಗೊತ್ತಿತ್ತಾ?"

"ಗೊತ್ತಿತ್ತು."

ತಂಗಿ ಮಡಿಸುತ್ತಿದ್ದ ಸೀರೆಯನ್ನು ಪೂರ್ತಿ ಮಡಿಸಿ ಪೆಟ್ಟಿಗೆಗೆ ಹಾಕಿಕೊಂಡು ಹೊರಟಳು. ಯಾವ ಊರಿಗೆ ಹೋದಳೆಂದು ಹೇಳಲಿಲ್ಲ. ಇಪ್ಪತ್ತಾರು ವರ್ಷ ಪತ್ರವಿಲ್ಲ, ಫೋನಿಲ್ಲ.

ಲೈನಕ್ಕ ಮಾಡಿದ್ದು ಸರಿಯೇ ಎಂದು ಕೇಳುವವರಿದ್ದಾರೆ. ಸರಿಯಲ್ಲ. ಆ ನಿಯಮ ಊರಿನವರ ಗುಟ್ಟು ಕಾಯಲು ಇದ್ದದ್ದು, ಒಡಹುಟ್ಟಿದವಳನ್ನು ಗುಂಡಿಗೆ ಬೀಳಿಸಲು ಅಲ್ಲ. ಅವಳೂ ಇದನ್ನು ಒಪ್ಪುತ್ತಾಳೆ. ಒಪ್ಪಿದ ಮಾತ್ರಕ್ಕೆ ಸ್ವಭಾವ ಬದಲಾಗುವುದಿಲ್ಲ.

ಎಕ್ಸ್‌ಚೇಂಜ್ ಮುಚ್ಚಿದ ಮೇಲೆ ಬೇರೆ ಬೇರೆ ಕಚೇರಿಗಳಲ್ಲಿ ದಿನ ತಳ್ಳಿ, ಕೊನೆಗೆ ಫೋನೆತ್ತುವ ಕೆಲಸಕ್ಕೆಂದು ಅವಳು ಹಾಸಿಗೆ ಅಂಗಡಿ ಸೇರಿದಳು. ಯಜಮಾನ ದಪ್ಪ ಮೀಸೆಯ, ಗಟ್ಟಿ ದನಿಯ ಮನುಷ್ಯ. ಕೈಯಿಂದ ಒತ್ತಿದರೇ ಯಾವ ಹಾಸಿಗೆಯಲ್ಲಿ ಎಷ್ಟು ಹತ್ತಿ ಇದೆಯೆಂದು ಹೇಳಬಲ್ಲ. ಅವನ ಮಗಳು ಕಂಪ್ಯೂಟರ್ ಓದಿದವಳು. ಅಂಗಡಿಗೆ ಒಂದು ವೆಬ್‌ಸೈಟ್ ಮಾಡಿದಳು. ಅದರಲ್ಲಿ ಒಂದು ಅರ್ಜಿ: ಹೆಸರು, ವಯಸ್ಸು, ಊರು, ಇಮೇಲ್, ಫೋನ್ ನಂಬರು, ಎಷ್ಟು ಗಂಟೆಗೆ ಮಲಗುತ್ತೀರಿ, ಬೆನ್ನು ನೋವಿದೆಯೇ. ದೂರಿದ್ದರೆ ಬರೆಯಲು ಒಂದು ಚೌಕ. ಕೊನೆಯಲ್ಲಿ ಇನ್ನೊಂದು ಖಾಲಿ ಚೌಕ: ಕನಸು ಬಿದ್ದಿದ್ದರೆ ಬರೆಯಿರಿ. ನಿದ್ದೆ ಎಂಥದ್ದೆಂದು ತಿಳಿದರೆ ಹಾಸಿಗೆ ಎಂಥದ್ದು ಬೇಕೆಂದು ಹೇಳಬಹುದು ಎಂಬುದು ಮಗಳ ಲೆಕ್ಕಾಚಾರ. ಬಂದದ್ದನ್ನು ದಿನವೂ ಓದಿ, ಮೃದು ಬೇಕಾದವರು, ಗಟ್ಟಿ ಬೇಕಾದವರು ಎಂದು ವಿಂಗಡಿಸುವುದಕ್ಕೆ ಲೈನಕ್ಕನನ್ನು ಕೂರಿಸಿದರು.

ಮೊದಲ ದಿನ ಮಗಳು ವಿವರಿಸಿದಳು. "ಅವರು ಬರೆದದ್ದಷ್ಟೇ ಅಲ್ಲ ಲೈನಕ್ಕ. ಯಾವ ಊರಿಂದ ಬಂದ್ರು, ಎಷ್ಟು ಹೊತ್ತಿದ್ರು, ಮೊಬೈಲೋ ಕಂಪ್ಯೂಟರೋ, ಎಲ್ಲ ತಾನಾಗೇ ಬರತ್ತೆ. ಜೊತೆಗೆ ಕುಕೀ ಅಂತ ಒಂದಿದೆ. ಬಂದವರ ಜೇಬಿಗೆ ಒಂದು ಚೀಟಿ ಹಾಕಿ ಕಳಿಸಿದ ಹಾಗೆ. ಮತ್ತೆ ಬಂದಾಗ ಚೀಟಿ ನೋಡಿ, ಓ ಇವರೇ ಅಂತ ಗುರುತು ಹಿಡೀತೀವಿ."

"ಹೇಳಿ ಹಾಕ್ತೀವೋ, ಹೇಳದೆ ಹಾಕ್ತೀವೋ?"

"ಕೆಳಗಡೆ ಸಣ್ಣ ಅಕ್ಷರದಲ್ಲಿ ಬರೆದಿದ್ದೀನಲ್ಲ."

ಲೈನಕ್ಕ ಕನ್ನಡಕ ಹಣೆಗೇರಿಸಿ, ಮೂಗು ಪರದೆಗೆ ತಾಗುವಷ್ಟು ಬಗ್ಗಿದಳು. "ಇದು ಬರೆದದ್ದಲ್ಲ ಕಣಮ್ಮ, ಬಚ್ಚಿಟ್ಟದ್ದು."

ಆದರೂ ಕೆಲಸ ಅವಳಿಗೆ ಹಿಡಿಸಿತು. ಹತ್ತಿಯ ಗಾಳಿ, ಯಂತ್ರದ ಒಂದೇ ಸಮನಾದ ಗುಂಯ್ ಸದ್ದು, ಪರದೆಯ ಮೇಲೆ ಒಂದಾದ ಮೇಲೊಂದು ಕನಸು. ಯಾರೋ ಸಮುದ್ರದ ತಳದಲ್ಲಿ ಬಸ್ಸಿಗೆ ಕಾಯುತ್ತಿದ್ದರು. ಯಾರದೋ ಹಲ್ಲುಗಳು ಬಾಯಿಂದ ಇಳಿದು ಶಾಲೆಗೆ ಹೋಗುತ್ತಿದ್ದವು. ಒಬ್ಬ ಮುದುಕ ವಾರಕ್ಕೊಮ್ಮೆ ಒಂದೇ ಕನಸು ಬರೆಯುತ್ತಿದ್ದ: ಬಿಳಿಯ ಬಯಲು, ನಡುವೆ ಒಂದು ಕುರ್ಚಿ, ಕುರ್ಚಿಯ ಮೇಲೆ ಅವನ ಕೋಟು. ಸಂಜೆ ಅಂಗಡಿಯಿಂದ ಹೊರಬಂದರೆ ಬೀದಿ, ದೀಪದ ಕಂಬ, ಹಾಲಿನ ಗಾಡಿ ಎಲ್ಲವೂ ಯಾರೋ ಆಗಲೇ ಬರೆದು ಕಳಿಸಿದಂತೆ ಕಾಣುತ್ತಿದ್ದವು. ಓದಿದ್ದನ್ನು ಅವಳು ಯಾರಿಗೂ ಹೇಳಲಿಲ್ಲ.

ಐದನೆಯ ತಿಂಗಳು, ಒಂದು ಬೆಳಿಗ್ಗೆ, ಹೆಸರಿನ ಜಾಗದಲ್ಲಿ ಬರೀ ಒಂದು ಚುಕ್ಕಿ ಇಟ್ಟಿದ್ದ ಅರ್ಜಿ ಬಂತು. ಕನಸು ಹೀಗಿತ್ತು: "ಅಪ್ಪನ ಗೋಡೆ ಗಡಿಯಾರದೊಳಗೆ ನಡೆಯುತ್ತಿದ್ದೇನೆ. ಅದು ಮೈದಾನದಷ್ಟು ದೊಡ್ಡದು. ಗಂಟೆಯ ಮುಳ್ಳು ಮರದ ಹಾಗೆ ಮಲಗಿದೆ. ನಿಮಿಷದ ಮುಳ್ಳು ಇಲ್ಲ. ಅದನ್ನು ಜಡೆಗೆ ಸಿಕ್ಕಿಸಿಕೊಂಡು ಒಬ್ಬಳು ಮುಂದೆ ಮುಂದೆ ಹೋಗುತ್ತಿದ್ದಾಳೆ. ಎಷ್ಟು ಓಡಿದರೂ ನನಗೆ ಅವಳ ಬೆನ್ನೇ ಕಾಣುವುದು."

ಲೈನಕ್ಕ ಅದನ್ನು ಇನ್ನೊಮ್ಮೆ ಮೊದಲಿಂದ ಓದಿದಳು. ಒಂಬತ್ತನೆಯ ವಯಸ್ಸಿನಲ್ಲಿ ಅಪ್ಪನ ಗಡಿಯಾರದ ನಿಮಿಷದ ಮುಳ್ಳನ್ನು ಕಿತ್ತು ಜಡೆಗೆ ಸಿಕ್ಕಿಸಿಕೊಂಡವಳು ಅವಳೇ. ಆಮೇಲೆ ಆ ಮನೆಯಲ್ಲಿ ಯಾರಿಗೂ ನಿಮಿಷ ಗೊತ್ತಿರಲಿಲ್ಲ. ಸುಮಾರು ಮೂರು, ಸುಮಾರು ನಾಲ್ಕು ಎಂದೇ ಇಬ್ಬರೂ ಬೆಳೆದರು.

ಚುಕ್ಕಿಯವಳು ಮತ್ತೆ ಮತ್ತೆ ಬಂದಳು. ಚೀಟಿ ಗುರುತು ಹಿಡಿಯುತ್ತಿತ್ತು. ಊರಿನ ಹೆಸರು ಕಾಣುತ್ತಿತ್ತು, ಇಮೇಲ್ ಇತ್ತು. ಒಂದು ಸಾಲು ಬರೆದರೆ ಸಾಕಿತ್ತು, ಇಪ್ಪತ್ತಾರು ವರ್ಷ ಸಿಗದ ತಂಗಿ ಸಿಗುತ್ತಿದ್ದಳು. ಆದರೆ ಆ ವಿಳಾಸ ಕೊಟ್ಟದ್ದು ಹಾಸಿಗೆ ಅಂಗಡಿಗೆ, ಬೆನ್ನುನೋವಿನ ಸಲುವಾಗಿ. ಅಕ್ಕನಿಗಲ್ಲ. ಬರೆದರೆ ತಂಗಿ ಮತ್ತೆ ಆ ಚೌಕದ ಹತ್ತಿರ ಸುಳಿಯಲಾರಳು. ಬರೆಯದಿದ್ದರೆ ಕನಸಾದರೂ ಬರುತ್ತದೆ. ಲೈನಕ್ಕ ಬರೆಯಲಿಲ್ಲ. ಪ್ರತಿ ಬೆಳಿಗ್ಗೆ ಮೊದಲು ಚುಕ್ಕಿ ಬಂದಿದೆಯೇ ಎಂದು ನೋಡಿ, ಆಮೇಲೆ ಚೀಲ ಕೆಳಗಿಡುತ್ತಿದ್ದಳು.

ಹೀಗಿರುವಾಗ ಯಜಮಾನನಿಗೆ ಒಂದು ಯೋಚನೆ ಹೊಳೆಯಿತು. ಚೆನ್ನಾಗಿರುವ ಕನಸುಗಳನ್ನು ಆರಿಸಿ ಪುಸ್ತಕ ಮಾಡಿಸುವುದು, ಹಾಸಿಗೆ ಕೊಂಡವರಿಗೆಲ್ಲ ಒಂದೊಂದು ಉಚಿತ. ಮಾದರಿ ಪುಟಗಳೂ ಬಂದವು. ಮೊದಲ ಪುಟದಲ್ಲೇ ಗಡಿಯಾರದ ಮೈದಾನ.

"ಇದು ಆಗಲ್ಲ ಯಜಮಾನ್ರೇ," ಎಂದಳು ಲೈನಕ್ಕ.

"ಯಾಕಾಗಲ್ಲ? ಹೆಸರು ತೆಗೆದಿದ್ದೀವಿ, ಊರು ತೆಗೆದಿದ್ದೀವಿ. ಯಾರದು ಅಂತ ಬ್ರಹ್ಮನಿಗೂ ಗೊತ್ತಾಗಲ್ಲ."

"ಬರೆದವರಿಗೆ ಗೊತ್ತಾಗತ್ತೆ. ಅವರ ಜೊತೆ ಇರೋವರಿಗೂ ಗೊತ್ತಾಗತ್ತೆ."

"ಹೋಗ್ರೀ ಲೈನಕ್ಕ! ನಿಮ್ಮದು ಫೋನಿನ ಕಾಲದ ಭಯ."

ಹೆಸರು ತೆಗೆದರೂ ಮನುಷ್ಯರು ಸಿಕ್ಕಿಬೀಳುತ್ತಾರೆಂದು ತೋರಿಸಲು ಅವಳ ಬಳಿ ಪುರಾವೆಯಿತ್ತು. ಆದರೆ ಆ ಪುರಾವೆ ತಂಗಿ. ತಂಗಿಯನ್ನು ಕಾಪಾಡಲು ತಂಗಿಯನ್ನೇ ಮೇಜಿನ ಮೇಲೆ ಇಡುವಂತಿರಲಿಲ್ಲ. ಒಂದು ವಾರ ಯೋಚಿಸಿ ಅವಳು ಬೇರೆ ದಾರಿ ಹಿಡಿದಳು. ಮಧ್ಯಾಹ್ನ ಯಜಮಾನನ ಹೆಂಡತಿ ಊಟದ ಕ್ಯಾರಿಯರ್ ಒಯ್ಯಲು ಬಂದಾಗ, ದಿಂಬುಗಳ ರಾಶಿಯ ಮರೆಗೆ ಕರೆದಳು.

"ಅಮ್ಮಾ, ಕೋಪ ಮಾಡ್ಕೋಬೇಡಿ. ಮೀಸೆ ಇರೋ ಯಂತ್ರದ ಕನಸು ನಿಮ್ಮದಲ್ವಾ?"

ಯಜಮಾನಿತಿ ಕ್ಯಾರಿಯರನ್ನು ದಿಂಬಿನ ಮೇಲಿಟ್ಟಳು. "ಅಲ್ಲಾ, ನಾನು ಹೆಸರೇ ಬರೆದಿಲ್ವಲ್ರೀ!"

"ಬರೆದಿಲ್ಲ."

"ಫೋನ್ ನಂಬರೂ ಸುಳ್ಳು ಕೊಟ್ಟಿದ್ದೆ."

"ಹೌದು, ಅದು ಅಗ್ನಿಶಾಮಕದವರದು."

"ಮತ್ತೆ ಹೇಗೆ ಗೊತ್ತಾಯ್ತು ನಿಮಗೆ?"

"ನೀವು ಕ್ಯಾರಿಯರ್ ತಗೊಂಡು ಹೋದ ಅರ್ಧ ಗಂಟೆಗೆ ಬರತ್ತೆ. ಅಂಗಡಿ ರಜಾ ಇದ್ದ ದಿನ ಬರಲ್ಲ. ಪ್ರತಿ ಸಾಲೂ 'ಅಲ್ಲಾ' ಅಂತ ಶುರು."

"ಅಲ್ಲಾ, ನಾನೆಲ್ಲಿ ಹಾಗಂತೀನಿ?" ಎಂದವಳು ತಕ್ಷಣ ಬಾಯಿ ಮುಚ್ಚಿಕೊಂಡಳು. ಆಮೇಲೆ ದಿಂಬಿಗೆ ಮುಖ ಒತ್ತಿ ಸದ್ದಾಗದಂತೆ ನಗತೊಡಗಿದಳು.

ಲೈನಕ್ಕ ನಗಲಿಲ್ಲ. "ಗೊತ್ತಾಗಿದ್ದು ನನ್ನ ತಪ್ಪಲ್ಲ, ಗೊತ್ತಿದೆ ಅಂತ ಹೇಳಿದ್ದು ತಪ್ಪು. ಆದರೆ ಅದನ್ನ ಯಜಮಾನ್ರಿಗೆ ತೋರಿಸಬೇಕಾಗಿದೆ. ನೀವು ಹೂಂ ಅಂದ್ರೆ ಮಾತ್ರ. ಇಲ್ಲ ಅಂದ್ರೆ ಇಲ್ಲಿಗೇ ಬಿಟ್ಟೆ."

ವಿಷಯವೇನೆಂದು ಪೂರ್ತಿ ಕೇಳಿ ಯಜಮಾನಿತಿ ಕಣ್ಣೊರೆಸಿಕೊಂಡಳು. "ತೋರಿಸಿ. ಮೂವತ್ತು ವರ್ಷದಿಂದ ಎದುರಿಗೆ ಹೇಳೋಕಾಗದ್ದು, ಹಾಗಾದ್ರೂ ಗೊತ್ತಾಗಲಿ."

ಮರುದಿನ ಯಜಮಾನನ ಮುಂದೆ ಲೈನಕ್ಕ ಒಂದು ಹಾಳೆ ಇಟ್ಟಳು. ಮಗಳು ಪಕ್ಕದಲ್ಲಿದ್ದಳು. ಅವನು ಗಟ್ಟಿಯಾಗಿ ಓದಿದ: "'ಅಲ್ಲಾ, ಪಕ್ಕದಲ್ಲಿ ಹತ್ತಿ ಹಿಂಜುವ ಯಂತ್ರ ರಾತ್ರಿಯೆಲ್ಲ ಓಡುತ್ತಲೇ ಇದೆ. ಅಲ್ಲಾ, ಕತ್ತಲಲ್ಲಿ ಕೈಯಾಡಿಸಿ ಸ್ವಿಚ್ ಹುಡುಕುತ್ತೇನೆ, ಸ್ವಿಚ್ಚೇ ಸಿಗುವುದಿಲ್ಲ. ಅಲ್ಲಾ, ಸಿಕ್ಕಿದ್ದನ್ನು ಹಿಡಿದೆಳೆದರೆ ಅದು ಮೀಸೆ...'"

ದನಿ ಅಲ್ಲಿಗೆ ನಿಂತಿತು. ಮೀಸೆಯ ತುದಿಯಲ್ಲಿ ಒಂದು ಹತ್ತಿಯ ಎಳೆ ಅಲುಗುತ್ತಿತ್ತು.

"ಇದು ನಮ್ಮ ಮನೆಯವಳದು," ಎಂದ ಮೆಲ್ಲಗೆ.

"ಹೆಸರಿದೆಯಾ ಅದರಲ್ಲಿ?" ಎಂದಳು ಲೈನಕ್ಕ.

ಮಗಳಿಗೆ ನಗು ತಡೆಯಲಾಗಲಿಲ್ಲ. "ಅಪ್ಪಾ, ಇದನ್ನೂ ಹಾಕೋಣ ಪುಸ್ತಕಕ್ಕೆ. ಮುಖಪುಟಕ್ಕೇ ಹಾಕೋಣ."

"ಬಾಯ್ಮುಚ್ಚು!" ಎಂದು ಯಜಮಾನ ಮಾದರಿ ಪುಟಗಳನ್ನೆಲ್ಲ ಒಟ್ಟುಗೂಡಿಸಿ ಹರಿದು ಬುಟ್ಟಿಗೆ ಹಾಕಿದ. ಸ್ವಲ್ಪ ಹೊತ್ತಿನ ಮೇಲೆ ಕೇಳಿದ, "ಅಷ್ಟೊಂದು ಗೊರಕೆ ಹೊಡೀತೀನಾ ನಾನು?" ಮಗಳು ಬುಟ್ಟಿಯನ್ನು ಎತ್ತಿಕೊಂಡು ಹೊರಗೆ ಓಡಿದಳು.

ಅಂದಿನಿಂದ ವೆಬ್‌ಸೈಟಿನ ಕೆಳಗಿನ ಸಣ್ಣ ಅಕ್ಷರ ಹೋಗಿ, ಮೇಲುಗಡೆ ದೊಡ್ಡ ಅಕ್ಷರ ಬಂತು. ಬರೆದವಳು ಲೈನಕ್ಕ. ನೆರೆಮನೆಯ ನನ್ನ ಹತ್ತಿರ ತಿದ್ದಿಸಲು ತಂದಿದ್ದಳು, ತಿದ್ದುವಂಥದ್ದೇನೂ ಇರಲಿಲ್ಲ. "ನೀವು ಇಲ್ಲಿ ಬರೆದದ್ದನ್ನು ಒಬ್ಬ ಹೆಂಗಸು ಓದುತ್ತಾಳೆ. ನೀವು ಬರೆಯದ ಕೆಲವು ಸಂಗತಿಗಳೂ ನಮಗೆ ತಿಳಿಯುತ್ತವೆ: ನಿಮ್ಮ ಊರು, ನೀವು ಬಂದ ಹೊತ್ತು, ಮತ್ತೆ ಬಂದರೆ ನೀವೇ ಎಂಬುದು. ಇದು ಬೇಡವೆಂದರೆ ಬೇಡ ಎಂಬಲ್ಲಿ ಒತ್ತಿ. ಆದರೂ ಹಾಸಿಗೆ ಮಾರುತ್ತೇವೆ. ನಿಮಗೆ ಹಾಸಿಗೆ ಆರಿಸುವುದನ್ನು ಬಿಟ್ಟು ಬೇರೆ ಯಾವುದಕ್ಕೂ ಇದನ್ನು ಬಳಸುವುದಿಲ್ಲ, ಯಾರಿಗೂ ಕೊಡುವುದಿಲ್ಲ. ಬೀಗದ ಪದ, ಅಂದರೆ ಪಾಸ್‌ವರ್ಡ್, ಇಬ್ಬರಿಗೆ ಮಾತ್ರ ಗೊತ್ತು. ಅಳಿಸಿ ಎಂದರೆ ಏಳು ದಿನದೊಳಗೆ ಅಳಿಸಿ, ಅಳಿಸಿದವರ ಸಹಿಯೊಂದಿಗೆ ತಿಳಿಸುತ್ತೇವೆ."

ಕೊನೆಯ ಮಾತು ಎಕ್ಸ್‌ಚೇಂಜಿನ ಚಾಳಿ. ಅಲ್ಲಿ ಯಾರಾದರೂ ಕೇಳಿದರೆ ಆಪರೇಟರ್ ತಾನು ಯಾರೆಂದು ಹೇಳಲೇಬೇಕಿತ್ತು. ಬೇರೆ ಯಾರಾದರೂ ಆಗಿದ್ದರೆ ಅಂಗಡಿಯ ಹೆಸರು ಹಾಕಿ ಸುಮ್ಮನಾಗುತ್ತಿದ್ದರು. ಅವಳಿಗೆ ಅದು ಹೊಳೆಯಲೇ ಇಲ್ಲ. ತನ್ನ ಕಾಲಿಗೆ ತಾನೇ ಹಗ್ಗ ಕಟ್ಟಿಕೊಂಡಳು.

ಆ ಬರಹ ಹಾಕಿದ ನಾಲ್ಕನೆಯ ದಿನ ಚುಕ್ಕಿಯವಳಿಂದ ಒಂದೇ ಸಾಲು ಬಂತು. "ಯಾರೂ ಓದುವುದಿಲ್ಲ ಎಂದುಕೊಂಡು ಬರೆದಿದ್ದೆ. ನನ್ನದೆಲ್ಲ ಅಳಿಸಿ."

ಆರು ದಿನ ಲೈನಕ್ಕ ಅದನ್ನು ಮುಟ್ಟಲಿಲ್ಲ. ಯಂತ್ರ ಗುಂಯ್ಗುಡುತ್ತಿತ್ತು, ಗಾಜಿನಾಚೆ ಬಿಳಿ ಎಳೆಗಳು ನಿಂತೇ ಇದ್ದವು. ಅವಳು ಇಪ್ಪತ್ತಮೂರು ಕನಸುಗಳನ್ನು ಒಂದೊಂದಾಗಿ ತೆರೆದು ಓದಿದಳು. ಒಂದರಲ್ಲಿ ಅಪ್ಪ ಕೊಡೆ ಹಿಡಿದು ಮನೆಯೊಳಗೇ ಓಡಾಡುತ್ತಿದ್ದರು. ಒಂದರಲ್ಲಿ ಒಂದು ಪೆಟ್ಟಿಗೆ ತಾನಾಗೇ ಬೀದಿಯಲ್ಲಿ ನಡೆದು ಬರುತ್ತಿತ್ತು, ಬಾಗಿಲು ಯಾವುದೆಂದು ಅದಕ್ಕೆ ಮರೆತುಹೋಗಿತ್ತು. ಓದುತ್ತ ಕೂತವಳಿಗೆ ತಾನು ಆ ಗಡಿಯಾರದ ಮೈದಾನದಲ್ಲಿದ್ದೇನೆ, ಹಿಂದೆ ಯಾರೋ ಓಡಿ ಬರುತ್ತಿದ್ದಾರೆ, ತಿರುಗಿ ನೋಡಲು ಕುತ್ತಿಗೆ ಬಾಗುತ್ತಿಲ್ಲ ಎನಿಸಿತಂತೆ. ಅವಳು ಉತ್ಪ್ರೇಕ್ಷೆ ಮಾಡುವ ಪೈಕಿ ಅಲ್ಲ. ಆದ್ದರಿಂದ ನಂಬಿದ್ದೇನೆ.

ಏಳನೆಯ ದಿನ ಮಗಳು ಗಾಜಿನ ಕೋಣೆಗೆ ಬಂದಳು. ಅಷ್ಟು ದಿನದ ಮುಖ ನೋಡಿ ಅವಳಿಗೆ ಏನೋ ಅಂದಾಜಾಗಿತ್ತು.

"ಲೈನಕ್ಕ, ಅಳಿಸೋದಕ್ಕೆ ಮುಂಚೆ ಒಂದು ಪ್ರತಿ ತೆಗೆದು ಕೊಡ್ಲಾ? ಯಾರಿಗೂ ಗೊತ್ತಾಗಲ್ಲ."

"ಬೇಡ."

"ಹೋಗಲಿ, ಸಹಿ ನಾನು ಹಾಕ್ತೀನಿ. ಅಂಗಡಿ ನಮ್ಮದೇ ಅಲ್ವಾ?"

ಇದು ಸುಲಭದ ದಾರಿ. ಆಗ ತಂಗಿಗೆ ಏನೂ ತಿಳಿಯುತ್ತಿರಲಿಲ್ಲ. ಓದಿದ ಹೆಂಗಸು ಯಾರೋ ಒಬ್ಬಳಾಗಿ ಉಳಿಯುತ್ತಿದ್ದಳು. ಲೈನಕ್ಕನ ಹೆಸರು ಹೋದರೆ, ಹಿಂದೊಮ್ಮೆ ಎಲ್ಲ ಕೇಳಿಸಿಕೊಂಡು ಸುಮ್ಮನಿದ್ದ ಅಕ್ಕ ಈಗ ನಿದ್ದೆಯೊಳಗಿನದನ್ನೂ ಓದಿ ಸುಮ್ಮನಿದ್ದಳೆಂದು ತಿಳಿಯುತ್ತದೆ. ಎರಡನೆಯ ಸಲಕ್ಕೆ ಕ್ಷಮೆಯನ್ನು ಯಾರೂ ನಿರೀಕ್ಷಿಸಬಾರದು.

"ಓದಿದ್ದು ನಾನು," ಎಂದಳು. "ನೀನು ಯಾಕಮ್ಮ ಸಹಿ ಹಾಕ್ತೀಯ?"

ಒಂದೊಂದಾಗಿ ಅಳಿಸಿದಳು. ಗಡಿಯಾರದ ಮೈದಾನವನ್ನು ಕೊನೆಗೆ. ಆಮೇಲೆ ಬರೆದಳು: "ನಿಮ್ಮ ಇಪ್ಪತ್ತಮೂರು ಕನಸುಗಳನ್ನು ಇಂದು ಅಳಿಸಲಾಗಿದೆ. ಪ್ರತಿ ಇಟ್ಟುಕೊಂಡಿಲ್ಲ. ಒಂದನ್ನು ಅಂಗಡಿಯವರು ಓದಿದ್ದರು, ಉಳಿದದ್ದನ್ನು ನಾನಲ್ಲದೆ ಬೇರೆಯವರು ಓದಿಲ್ಲ. ನಿಮ್ಮ ವಿಳಾಸವನ್ನು ಈ ಪತ್ರಕ್ಕೆ ಬಿಟ್ಟು ಬೇರೆ ಯಾವುದಕ್ಕೂ ಬಳಸಿಲ್ಲ." ಕೆಳಗೆ ತನ್ನ ಪೂರ್ತಿ ಹೆಸರು, ಅಪ್ಪನ ಹೆಸರು ಸೇರಿಸಿ. ಕಳಿಸಿ, ಎದ್ದು ಹೋಗಿ ಮುಖ ತೊಳೆದುಕೊಂಡು ಬಂದು, ಆ ದಿನದ ಉಳಿದ ಹನ್ನೊಂದು ಕನಸುಗಳನ್ನು ವಿಂಗಡಿಸಿದಳು. ಏಳು ಮೃದು, ನಾಲ್ಕು ಗಟ್ಟಿ.

ಎಂಟು ದಿನ ಏನೂ ಬರಲಿಲ್ಲ. ಒಂಬತ್ತನೆಯ ಬೆಳಿಗ್ಗೆ ಉತ್ತರವಿತ್ತು.

"ಇಪ್ಪತ್ತಮೂರಲ್ಲ, ಇಪ್ಪತ್ತನಾಲ್ಕು. ಒಂದನ್ನು ದೂರು ಬರೆಯುವ ಚೌಕದಲ್ಲಿ ಬರೆದಿದ್ದೆ, ಅದನ್ನು ನೀನು ನೋಡಿಯೇ ಇಲ್ಲ. ಎಣಿಸೋದು ಇನ್ನೂ ಕಲಿತಿಲ್ಲ ನೀನು. ಆಗ ಗೊತ್ತಿದ್ದೂ ಹೇಳಲಿಲ್ಲ, ಅದನ್ನು ನಾನು ಮರೆಯೋದಿಲ್ಲ. ಈಗ ಗೊತ್ತಿದ್ದೂ ಬೆನ್ನು ಹತ್ತಲಿಲ್ಲ, ಅದೂ ಗೊತ್ತಾಯಿತು. ಭಾನುವಾರ ಬರುತ್ತೇನೆ. ಇಪ್ಪತ್ತನಾಲ್ಕನೆಯದನ್ನು ಅಳಿಸಿಬಿಡು, ಓದಬೇಡ. ಬಾಯಲ್ಲೇ ಹೇಳುತ್ತೇನೆ."

ಲೈನಕ್ಕ ದೂರಿನ ಚೌಕ ತೆರೆದು, ಮಗಳನ್ನು ಸಾಕ್ಷಿಗೆ ಕರೆದು ಪಕ್ಕದಲ್ಲಿ ನಿಲ್ಲಿಸಿಕೊಂಡು, ಚುಕ್ಕಿ ಇದ್ದ ಸಾಲನ್ನು ಅಂಗೈಯಿಂದ ಮುಚ್ಚಿ ಅಳಿಸಿದಳು.

ಭಾನುವಾರ ಅಂಗಡಿಗೆ ರಜೆ. ಯಜಮಾನ ಬೀಗದಕೈ ಕೊಟ್ಟಿದ್ದ. ಯಂತ್ರ ನಿಂತಿತ್ತು, ಆದರೂ ಹಿಂದಿನ ದಿನದ ಹತ್ತಿ ಇನ್ನೂ ಗಾಳಿಯಲ್ಲಿ ತೇಲುತ್ತಿತ್ತು. ಸುಮಾರು ಹನ್ನೊಂದಕ್ಕೆ ತಂಗಿ ಬಾಗಿಲಲ್ಲಿ ನಿಂತಳು. ತಲೆ ನೆರೆತಿತ್ತೋ ಹತ್ತಿ ಕೂತಿತ್ತೋ, ಆ ಬೆಳಕಿನಲ್ಲಿ ಹೇಳುವಂತಿರಲಿಲ್ಲ. ಒಳಗೆ ಬಂದು ಮೊದಲು ಅಕ್ಕನನ್ನು ನೋಡಲಿಲ್ಲ. ಮಾದರಿ ಹಾಸಿಗೆಯನ್ನು ಎರಡು ಕೈಯಿಂದ ಒತ್ತಿದಳು.

"ಇದರ ಮೇಲೆ ಮಲಗಿದ್ರೆ ಕನಸಲ್ಲ, ಸೊಂಟ ಬೀಳತ್ತೆ."

"ನಿನಗೆ ಗಟ್ಟಿಯದು ಬೇಕು," ಎಂದಳು ಲೈನಕ್ಕ. "ಆ ಕಡೇದು."

ಇಬ್ಬರೂ ಆ ಕಡೆಯದರ ಮೇಲೆ ಕೂತರು. ತಂಗಿ ಕಾಲು ಮಡಿಸಿಕೊಂಡು, ಗೋಡೆಗೆ ಒರಗಿ, ಕನಸು ಹೇಳತೊಡಗಿದಳು. ಅದು ಮುಗಿಯುವಾಗ ಮಧ್ಯಾಹ್ನ ಎರಡು ದಾಟಿತ್ತು. ನಡುವೆ ಎರಡು ಸಲ ಜಗಳವಾಯಿತು, ಒಂದು ಸಲ ಊಟವಾಯಿತು.